ನೀರಜ್ಜಿಯ ಎರಡನೆಯ ಗಿಂಡಿ

1957ನೆಯ ಇಸವಿ, ಕಾರ್ತಿಕ ಮಾಸ, ಬುಧವಾರ, ಬೆಳಿಗ್ಗೆ ಏಳೂ ಕಾಲು ಗಂಟೆ. ಸ್ಥಳ, ಸೊರಬದ ಪೇಟೆಯಲ್ಲಿದ್ದ ನನ್ನ ತವರುಮನೆಯ ಬಚ್ಚಲು. ಹಾಜರಿದ್ದವರು ಮೂವರು: ಬಾಣಂತಿಯಾಗಿದ್ದ ನಾನು, ಹುಟ್ಟಿ ಹದಿನೆಂಟು ದಿನವಾಗಿದ್ದ ನನ್ನ ಮಗಳು, ನಮ್ಮಿಬ್ಬರಿಗೂ ನೀರೆರೆಯಲು ಬಂದಿದ್ದ ಅಜ್ಜಿ.

ಅಜ್ಜಿ ಕಲ್ಲಿನ ಮೇಲೆ ಎರಡೂ ಕಾಲು ಚಾಚಿ ಕೂತಿದ್ದರು. ಮೊಣಕಾಲಿನಿಂದ ಹಿಮ್ಮಡಿಯವರೆಗೆ ಆ ಕಾಲುಗಳಲ್ಲಿ ಒಂದು ಕೂದಲೂ ಇರಲಿಲ್ಲ. ಹರಳೆಣ್ಣೆ ಕುಡಿದು ಕುಡಿದು ಅವು ಹಳೆಯ ಒರಳಿನ ಒಳಮೈಯಂತೆ ನುಣುಪಾಗಿದ್ದವು. ಬಲಗಾಲಿನ ಎಲುಬಿನ ಮೇಲೆ ಹೆಬ್ಬೆರಳಿನಷ್ಟು ಅಗಲದ ಒಂದು ತಗ್ಗಿತ್ತು. ಬೋರಲು ಮಲಗಿಸಿದ ಕೂಸಿನ ಗದ್ದ ಆ ತಗ್ಗಿನಲ್ಲಿ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂರುತ್ತಿತ್ತು. ತಗ್ಗು ಮೊದಲೋ, ಗದ್ದಗಳು ಮೊದಲೋ ಎಂದು ನಾನು ಒಮ್ಮೆ ಕೇಳಿದ್ದೆ. “ಮದುವೆಯಾದ ವರ್ಷ ಎತ್ತು ಒದ್ದಿತ್ತು ತಂಗೀ. ಆಮೇಲೆ ಶಿವ ಅದನ್ನ ಕೆಲಸಕ್ಕೆ ಹಚ್ಚಿದ” ಎಂದಿದ್ದರು.

ಕೇರಿಯವರೆಲ್ಲ ಅವರನ್ನು ನೀರಜ್ಜಿ ಎಂದೇ ಕರೆಯುತ್ತಿದ್ದರು. ಹೆರಿಗೆ ಮಾಡಿಸುವ ಸೂಲಗಿತ್ತಿ ಬೇರೆ, ನೀರೆರೆಯುವ ಅಜ್ಜಿ ಬೇರೆ. ಸೂಲಗಿತ್ತಿಯ ಕೆಲಸ ಒಂದು ದಿನದ್ದು, ನೀರಜ್ಜಿಯದು ಮೂರು ತಿಂಗಳದ್ದು. ಹಂಡೆಯ ನೀರು ಮರಳುವ ಹೊತ್ತಿಗೆ ಅವರು ಹಿತ್ತಲ ಬಾಗಿಲಲ್ಲಿ ನಿಂತಿರುತ್ತಿದ್ದರು. ಅವರ ಮನೆಯಲ್ಲಿ ಗಡಿಯಾರವಿರಲಿಲ್ಲ, ಇದ್ದರೂ ನೋಡಲು ಬರುತ್ತಿರಲಿಲ್ಲ. ಆದರೂ ಒಂದು ದಿನವೂ ತಡವಾಗಿ ಬರಲಿಲ್ಲ. ನನಗೆ ಅವರ ಮೇಲೆ ಮೊದಲು ಹುಟ್ಟಿದ ಗೌರವ ಅದೇ ಕಾರಣಕ್ಕೆ.

ಬರುವಾಗ ಕೈಯಲ್ಲಿ ಎರಡು ಗಿಂಡಿ ಇರುತ್ತಿದ್ದವು. ಒಂದರಲ್ಲಿ ಕೂಸಿಗೆ ಹಚ್ಚುವ ಎಣ್ಣೆ. ಇನ್ನೊಂದರ ಬಾಯಿಗೆ ಬಟ್ಟೆ ಕಟ್ಟಿರುತ್ತಿತ್ತು. ಅದು ಬಾಣಂತಿಯ ಸೊಂಟಕ್ಕೆ ಹಾಕುವ ಬೇರಿನ ಕಷಾಯವೆಂದು ಎಲ್ಲರೂ ತಿಳಿದಿದ್ದರು. ನಾನೂ ಹಾಗೆಯೇ ತಿಳಿದಿದ್ದೆ.

ನನ್ನ ವಿಷಯವನ್ನೂ ಇಲ್ಲಿ ಹೇಳಬೇಕು. ನಾನು ಶಿವಮೊಗ್ಗದಲ್ಲಿ ಮಾಸ್ತರಿಕೆಯ ತರಬೇತಿ ಪಡೆದವಳು, ಅಲ್ಲಿಯ ಹೆಣ್ಣುಮಕ್ಕಳ ವಸತಿಗೃಹದಲ್ಲಿ ಗಂಟೆಯ ಲೆಕ್ಕದಲ್ಲಿ ಬೆಳೆದವಳು. ಐದಕ್ಕೆ ಏಳುವುದು, ಐದೂವರೆಗೆ ಸ್ನಾನ, ಆರಕ್ಕೆ ಪ್ರಾರ್ಥನೆ. ಅಲ್ಲಿ ನಮಗೆ ಶಿಶುಪಾಲನೆಯ ಪಾಠ ಹೇಳಿಕೊಟ್ಟಿದ್ದರು. ಕೂಸಿಗೆ ನಾಲ್ಕು ಗಂಟೆಗೊಮ್ಮೆ ಹಾಲು, ನಡುವೆ ಅತ್ತರೆ ಎತ್ತಿಕೊಳ್ಳಬಾರದು, ಎತ್ತಿಕೊಂಡರೆ ಹಟ ಕಲಿಯುತ್ತದೆ. ನಾನು ಹೆರಿಗೆಗೆ ಬರುವಾಗ ಆ ಟಿಪ್ಪಣಿ ಪುಸ್ತಕವನ್ನೂ ಒಂದು ಅಲಾರಾಂ ಗಡಿಯಾರವನ್ನೂ ಟ್ರಂಕಿನಲ್ಲಿಟ್ಟುಕೊಂಡು ಬಂದಿದ್ದೆ. ಬಾಣಂತಿ ಕೋಣೆಯ ಗೋಡೆಗೆ ಕೆಂಪು ಪೆನ್ಸಿಲಿನಲ್ಲಿ ಬರೆದ ವೇಳಾಪಟ್ಟಿ ಅಂಟಿಸಿದ್ದೆ: ಆರು, ಹತ್ತು, ಎರಡು, ಆರು, ಹತ್ತು. ಅವ್ವ ಅದನ್ನು ನೋಡಿ, “ಇದೇನೇ, ಬಸ್ಸಿನ ಟೈಮಾ?” ಎಂದಿದ್ದಳು.

ಅವ್ವನ ಪಟ್ಟಿ ಗೋಡೆಯ ಮೇಲಿರಲಿಲ್ಲ, ಆದರೆ ನನ್ನದಕ್ಕಿಂತ ಕಟ್ಟುನಿಟ್ಟಾಗಿತ್ತು. ಬಿಸಿ ಅನ್ನ, ಮೆಣಸಿನ ಸಾರು, ತುಪ್ಪ, ಸುಟ್ಟ ಬೆಳ್ಳುಳ್ಳಿ. ಸೊಪ್ಪು ಕೂಡದು, ಮೊಸರು ಕೂಡದು, ಬಾಳೆಹಣ್ಣಿನ ಹೆಸರೇ ಎತ್ತಬಾರದು. ನೀರಂತೂ ದಿನಕ್ಕೆ ಎರಡು ಲೋಟ, ಅದೂ ಓಮ ಹಾಕಿ ಕಾಸಿದ್ದು, ಅವ್ವನ ಕೈಯಿಂದಲೇ. ಬಾಣಂತಿ ನೀರು ಕುಡಿದರೆ ಹೊಟ್ಟೆ ಮಡಕೆಯಾಗುತ್ತದೆ, ಹಾಲು ನೀರಾಗುತ್ತದೆ, ಕೂಸಿಗೆ ಶೀತ ಇಳಿಯುತ್ತದೆ ಎಂಬುದು ನಮ್ಮ ಕೇರಿಯ ಒಮ್ಮತದ ತೀರ್ಮಾನ. ಸ್ನಾನವಾದ ಮೇಲೆ ಹಳೆಯ ಒಂಬತ್ತು ಗಜದ ಸೀರೆಯಿಂದ ಹೊಟ್ಟೆಯನ್ನು ಬಿಗಿದು, ಮಂಚದ ಕೆಳಗೆ ಕೆಂಡವಿಟ್ಟು ಮಲಗಿಸುತ್ತಿದ್ದರು.

ಗಂಡನ ಮನೆಯ ಶಿಕಾರಿಪುರದಿಂದ ಬೇರೆಯದೇ ಆಜ್ಞೆ ಬರುತ್ತಿತ್ತು. ಬಸ್ಸಿನ ಡ್ರೈವರನ ಕೈಯಲ್ಲಿ ಅತ್ತೆ ವಾರಕ್ಕೊಂದು ಡಬ್ಬಿ ಅಂಟಿನ ಉಂಡೆ ಕಳಿಸುತ್ತಿದ್ದರು. ಕೊಬ್ಬರಿ, ಉತ್ತತ್ತಿ, ಬೆಲ್ಲ, ಎಮ್ಮೆತುಪ್ಪ. ದಿನಕ್ಕೆ ನಾಲ್ಕು ತಿನ್ನಬೇಕು, ಸೊಸೆ ತವರಿನಿಂದ ಮೈಕೈ ತುಂಬಿಕೊಂಡು ಬರಬೇಕು, ಇಲ್ಲದಿದ್ದರೆ ತವರಿನವರು ಉಣ್ಣಿಸಲಿಲ್ಲವೆಂದು ಜನ ಆಡಿಕೊಳ್ಳುತ್ತಾರೆ. ಸೊರಬದವರ ಪ್ರಕಾರ ಹೊಟ್ಟೆ ಇರಬಾರದು, ಶಿಕಾರಿಪುರದವರ ಪ್ರಕಾರ ಕೆನ್ನೆ ಇರಲೇಬೇಕು. ಹೊಟ್ಟೆಯಿಲ್ಲದೆ ದಪ್ಪಗಾಗುವುದು ಹೇಗೆಂದು ನನ್ನ ಟಿಪ್ಪಣಿ ಪುಸ್ತಕದಲ್ಲಿ ಬರೆದಿರಲಿಲ್ಲ. ನಾನು ಎಲ್ಲರ ಮಾತನ್ನೂ ಕೇಳಿದೆ. ಎಲ್ಲರ ನಿಯಮವನ್ನೂ ಪಾಲಿಸಿದರೆ ತಪ್ಪಾಗಲು ಸಾಧ್ಯವೇ ಇಲ್ಲ ಎಂದುಕೊಂಡಿದ್ದೆ.

ಆದದ್ದು ಇಷ್ಟು. ಮೂರನೆಯ ವಾರಕ್ಕೆ ನನ್ನ ಬಳೆಗಳು ಮುಂಗೈಯಲ್ಲಿ ಹೂತುಹೋದವು, ಮುಖ ಊದಿತು, ಕಣ್ಣು ಸಣ್ಣಗಾದವು. ಕೂಸಿನ ತೊಡೆಯ ಚರ್ಮ ಮಾತ್ರ ದೊಡ್ಡವರ ಅಂಗಿ ತೊಡಿಸಿದ ಹಾಗೆ ಸಡಿಲವಾಯಿತು. ಎದುರುಮನೆಯಾಕೆ ನೋಡಲು ಬಂದವಳು ಬಾಗಿಲಲ್ಲೇ ನಿಂತು, “ತಾಯಿ ಕುಂಬಳಕಾಯಿ, ಮಗಳು ಪಡವಲಕಾಯಿ. ತಿಂದಿದ್ದೆಲ್ಲ ತನ್ನ ಮೈಗೇ ಇಟ್ಕೊಂಡಾಳೆ” ಎಂದು ಅವ್ವನಿಗೆ ಕೇಳುವ ಹಾಗೆಯೂ ನನಗೆ ಕೇಳದ ಹಾಗೆಯೂ ಹೇಳಿದಳು. ನನಗೆ ಕೇಳಿಸಿತು. ಬಾಯಿ ಒಣಗಿ ನಾಲಿಗೆ ಅಂಗುಳಿಗೆ ಅಂಟಿಕೊಂಡಿರುತ್ತಿತ್ತು. ಹತ್ತು ಗಂಟೆಗೆ ಅಲಾರಾಂ ಹೊಡೆದಾಗ ಕೂಸನ್ನು ಎತ್ತಿಕೊಂಡರೆ ಅದು ಅತ್ತು ಅತ್ತು ಸೋತು ನಿದ್ದೆಹೋಗಿರುತ್ತಿತ್ತು. ಎಬ್ಬಿಸಿದರೆ ನಾಲ್ಕು ಸಲ ಚೀಪಿ ಬಿಟ್ಟುಬಿಡುತ್ತಿತ್ತು.

ಈಗ ಆ ಬುಧವಾರಕ್ಕೆ ಬರುತ್ತೇನೆ. ನೀರಜ್ಜಿ ಬಚ್ಚಲಿಗೆ ಹೋಗುವ ಮೊದಲು ಪಡಸಾಲೆಯಲ್ಲಿ ನಿಂತು ಇಡೀ ಮನೆಗೆ ಕೇಳುವಂತೆ ಅವ್ವನಿಗೆ ಹೇಳಿದರು: “ನೋಡ್ರೀ ಅಮ್ಮಾ, ಬಾಯಾರಿಕೆ ಅಂತ ಗೋಗರೆದ್ರೂ ಒಂದು ತೊಟ್ಟು ನೀರು ಕೊಡ್ಬ್ಯಾಡಿ. ನನ್ನ ಮಾತು ಮೀರಿದ್ರೆ ನಾಳಿಂದ ನಾನು ಬರೋದಿಲ್ಲ.” ಅವ್ವ ಗಂಭೀರವಾಗಿ ತಲೆಯಾಡಿಸಿದಳು. ಅಜ್ಜಿ ಒಳಗೆ ಬಂದು ಬಾಗಿಲು ಎಳೆದುಕೊಂಡು, ಕೂಸಿಗೆ ನೀರೆರೆದು, ಒರೆಸಿ, ಬಟ್ಟೆಯಲ್ಲಿ ಸುತ್ತಿ ನನ್ನ ಮಡಿಲಿಗೆ ಹಾಕಿದರು. ಆಮೇಲೆ ಎರಡನೆಯ ಗಿಂಡಿಯ ಬಟ್ಟೆ ಬಿಚ್ಚಿ ನನ್ನ ಬಾಯಿಗೆ ಹಿಡಿದರು.

“ಕುಡಿ.”

“ಏನಿದು ಅಜ್ಜಿ?”

“ಗಂಜಿ. ಗುಟುಕು ಗುಟುಕಾಗಿ ಕುಡಿ. ಸದ್ದು ಮಾಡಬ್ಯಾಡ.”

ಉಪ್ಪು ಹಾಕಿದ ತೆಳ್ಳಗಿನ ಅಕ್ಕಿಗಂಜಿ, ಉಗುರು ಬೆಚ್ಚಗಿತ್ತು. ಸಬ್ಬಸಿಗೆ ಸೊಪ್ಪಿನ ವಾಸನೆಯಿತ್ತು. ನಾನು ಗಿಂಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಲ್ಲಿಸದೆ ಕುಡಿದೆ. ಕುಡಿದು ಮುಗಿಸಿದ ಮೇಲೆ ಮೊದಲು ಬಂದದ್ದು ಸಮಾಧಾನವಲ್ಲ, ಗಲಿಬಿಲಿ.

“ಈಗ ಹೊರಗೆ ಕೊಡಬೇಡಿ ಅಂದ್ರಿ?”

“ಅದು ಹೊರಗೆ.”

“ಶೀತ ಆಗುತ್ತೆ ಅಂತ ನೀವೇ ಹೇಳಿದ್ರಿ.”

“ಹೇಳ್ದೆ.”

“ಹಾಗಾದರೆ ಯಾವುದು ನಿಜ?”

ಅವರು ಸುಡುವ ನೀರನ್ನು ತಂಬಿಗೆಯಲ್ಲಿ ತುಂಬಿ ಧಡಧಡನೆ ನನ್ನ ಬೆನ್ನಿಗೆ ಎರೆಯತೊಡಗಿದರು. ಆ ಸದ್ದಿನಲ್ಲಿ ನನ್ನ ಪ್ರಶ್ನೆ ಮುಳುಗಿಹೋಯಿತು. ಎರೆದು ಮುಗಿಸಿ, “ಈಗ ಮಗಿಗೆ ಮೊಲೆ ಕೊಡು” ಎಂದರು.

“ಹತ್ತು ಗಂಟೆಗೆ. ಇನ್ನೂ ಎರಡೂ ಕಾಲು ಗಂಟೆ ಇದೆ.”

“ಯಾರಿಗೆ?” ಎಂದು ಕೇಳಿದರು. ನನಗೆ ಆಗ ಅವರ ಪ್ರಶ್ನೆ ಅರ್ಥವಾಗಲಿಲ್ಲ. ಓದು ಬರದವರು, ಹೋಗಲಿ ಎಂದುಕೊಂಡೆ.

ಅಂದಿನಿಂದ ದಿನವೂ ಹೊರಗೆ ಒಂದು ಗುಡುಗು, ಒಳಗೆ ಒಂದು ಗಿಂಡಿ. ಅವ್ವ ಇಡೀ ದಿನ ಲೋಟ ಅಳೆಯುತ್ತಿದ್ದಳು, ನಾನು ಬೆಳಿಗ್ಗೆಯೇ ಅವಳ ಅಳತೆ ಮೀರಿ ಕುಡಿದಿರುತ್ತಿದ್ದೆ. ಸುಳ್ಳು ಹೇಳಿ ಅಭ್ಯಾಸವಿಲ್ಲದವಳಿಗೆ ಅವ್ವನ ಮುಖ ನೋಡುವುದೇ ಕಷ್ಟವಾಯಿತು. ನೀರಜ್ಜಿಗೆ ಮಾತ್ರ ಯಾವ ಕಷ್ಟವೂ ಇದ್ದಂತೆ ಕಾಣಲಿಲ್ಲ. ಸಾಂಬ್ರಾಣಿ ಹೊಗೆ ಹಾಕುತ್ತ ಅವ್ವನ ಜೊತೆ ಕೂತು, ಯಾವುದೋ ಊರಲ್ಲಿ ನೀರು ಕುಡಿದು ಸನ್ನಿಯಾದ ಬಾಣಂತಿಯ ಕತೆ ಹೇಳುತ್ತಿದ್ದರು. ಆ ಕತೆಯನ್ನು ಅವರು ನಂಬಿದ್ದರೆಂದು ಅವರ ಕಣ್ಣು ನೋಡಿದರೆ ತಿಳಿಯುತ್ತಿತ್ತು.

ಮುಂದಿನ ಬುಧವಾರ ತೊಟ್ಟಿಲ ಶಾಸ್ತ್ರಕ್ಕೆ ಅತ್ತೆ ಶಿಕಾರಿಪುರದಿಂದ ಬಂದರು. ಕೂಸನ್ನು ಬಟ್ಟೆ ಬಿಚ್ಚಿ ನೋಡಿದರು. ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಮಾತಾಡುವ ಮೊದಲು ಸೆರಗಿನಿಂದ ಮುಖ ಒರೆಸಿಕೊಳ್ಳುವುದು ಅವರ ಅಭ್ಯಾಸ.

“ಅಕ್ಕಾರ, ತಪ್ಪು ತಿಳೀಬ್ಯಾಡ್ರಿ. ನಿಮ್ಮ ಮಗಳು ಚಲೋ ಆಗ್ಯಾಳ. ನಮ್ಮ ಕೂಸು ಸೊರಗೈತಿ. ಈಕಿಗೆ ಹಾಲಿಲ್ಲ.”

“ಮೊದಲ ಹೆರಿಗೆ ಅಲ್ವಾ, ಸ್ವಲ್ಪ ದಿನ ಆಗ್ತದೆ” ಎಂದಳು ಅವ್ವ.

“ನಮ್ಮ ದೊಡ್ಡ ಸೊಸೀಗೆ ಎರಡು ಕೂಸಿಗಾಗೋವಷ್ಟು ಹಾಲೈತಿ. ಹದಿನೈದು ದಿನ ನೋಡ್ತೀನ್ರಿ. ಹಿಂಗ ಇದ್ರ ಕೂಸಿನ್ನ ನಾ ಕರ್ಕೊಂಡು ಹೋಗ್ತೀನಿ. ಬಾಣಂತಿ ಇಲ್ಲೇ ಇರ್ಲಿ, ಆರಾಮಾಗಿ ಬರ್ಲಿ.”

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅವರು ಮಾಡಲು ಹೊರಟಿದ್ದು ಆ ಕಾಲಕ್ಕೆ ಅನ್ಯಾಯವೂ ಆಗಿರಲಿಲ್ಲ. ಓರಗಿತ್ತಿಯ ಹಾಲು ಕುಡಿದು ಬೆಳೆದ ಮಕ್ಕಳು ಎಷ್ಟೋ ಮಂದಿ ಇದ್ದರು. ಆದರೆ ನನ್ನ ಮಗಳನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಹೋಗುವುದನ್ನು ನಾನು ಮಂಚದ ಮೇಲೆ ಮಲಗಿ ನೋಡುತ್ತಿರಬೇಕು ಎಂಬುದು ಮಾತ್ರ ನನ್ನ ತಲೆಗೆ ಹತ್ತಲಿಲ್ಲ. ನಾನು ಯಾವ ನಿಯಮ ಮುರಿದಿದ್ದೆ? ಗಂಜಿ ಒಂದನ್ನು ಬಿಟ್ಟರೆ ಯಾವುದನ್ನೂ ಇಲ್ಲ. ಹಾಗಾದರೆ ಹಾಲು ಬತ್ತಿಸಿದ್ದು ಆ ಗಂಜಿಯೇ ಇರಬಹುದೇ? ಇಡೀ ದಿನ ಅದೇ ಯೋಚನೆ.

ಮರುದಿನ ಬಚ್ಚಲಲ್ಲಿ ನೀರಜ್ಜಿಯನ್ನು ಕೇಳಿದೆ. ಅವರು ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಕಾಲುಗಳನ್ನು ಮೆಲ್ಲಗೆ ಮೇಲೆತ್ತಿ ಇಳಿಸಿದರು. ಕಾಲಿನಿಂದಲೇ ತೂಕ ನೋಡುವುದು ಅವರ ಪದ್ಧತಿ. “ಗುಂಡುಕಲ್ಲು ಆಗ್ಯಾಳೆ. ಮೊನ್ನೆಗಿಂತ ಭಾರ ಐತೆ. ನಿಮ್ಮತ್ತೆಗೆ ಕಣ್ಣು ಮಂಜು” ಎಂದರು. ನನಗೆ ಹೋದ ಜೀವ ಬಂದಂತಾಯಿತು.

ಭಾನುವಾರ ಮಧ್ಯಾಹ್ನ ಅಪ್ಪನ ಅಂಗಡಿಗೆ ರಜ. ಮನೆಯ ಮುಂಭಾಗದಲ್ಲೇ ನಮ್ಮ ಬೆಲ್ಲ ಕಾಳಿನ ಅಂಗಡಿಯಿತ್ತು. ಹದಿನೈದನೆಯ ದಿನ ಹಟ ಮಾಡಿ ಕೂಸನ್ನು ಅಲ್ಲಿ ತೂಗಿಸಿದ್ದೆ. ಆರೂವರೆ ಪೌಂಡು ಬಂದಿತ್ತು. ಈಗ ಮತ್ತೆ ತೂಗಿಸಬೇಕೆಂದೆ. ಅವ್ವ ಕೆಂಡವಾದಳು. “ಹೆತ್ತ ಕೂಸನ್ನ ಬೆಲ್ಲದಚ್ಚಿನ ಹಂಗೆ ತೂಗ್ತೀಯೇನೇ? ಯಾರ ಕಣ್ಣು ಬೀಳ್ಬೇಕು ಅಂತ?” ಅಪ್ಪ ಮಾತ್ರ ತಕ್ಕಡಿ ಒರೆಸಿ, ತಟ್ಟೆಗೆ ತಮ್ಮ ಮಡಿ ಪಂಚೆ ಹಾಸಿದರು. ಕಲ್ಲುಗಳನ್ನು ಇಟ್ಟರು, ತೆಗೆದರು, ಸಣ್ಣದನ್ನು ಇಟ್ಟರು. ಅವರು ಹೇಳದಿದ್ದರೂ ನನಗೆ ಕಲ್ಲುಗಳ ಮೇಲಿನ ಅಂಕೆ ಓದಲು ಬರುತ್ತಿತ್ತು. ಆರೂ ಕಾಲು.

ಸೋಮವಾರ ಬೆಳಿಗ್ಗೆ ಬಚ್ಚಲ ಬಾಗಿಲು ಮುಚ್ಚುತ್ತಲೇ ನಾನು, “ನೀವು ಸುಳ್ಳು ಹೇಳಿದ್ರಿ. ಕಾಲು ಪೌಂಡು ಇಳಿದಿದೆ” ಎಂದೆ. ಇಲ್ಲವೆನ್ನುತ್ತಾರೆ, ತಕ್ಕಡಿಯನ್ನು ಬಯ್ಯುತ್ತಾರೆ ಎಂದುಕೊಂಡಿದ್ದೆ.

“ಗೊತ್ತೈತೆ. ವಾರದಿಂದ ಇಳೀತಾ ಐತೆ” ಎಂದರು.

“ಮತ್ತೆ?”

“ಇಳಿದೈತೆ ಅಂದಿದ್ರೆ ಏನ್ ಮಾಡ್ತಿದ್ದಿ? ಅಳ್ತಿದ್ದಿ. ಅತ್ತರೆ ಇರೋ ನಾಕು ಹನೀನೂ ಬತ್ತುತ್ತೆ. ಅದಕ್ಕೇ ಅಂದೆ.” ಕೂಸಿನ ಬೆನ್ನಿಗೆ ಎಣ್ಣೆ ತಿಕ್ಕುತ್ತ ಮುಂದುವರಿಸಿದರು: “ಕೇಳ್ದೆ ಅಲ್ಲ, ಈಗ ಪೂರ್ತಿ ಕೇಳು. ಗಂಜಿ ನಾ ಕೊಟ್ಟೆ. ಅದನ್ನ ಮಗಿಗೆ ದಾಟಿಸೋದು ನಿನ್ ಕೆಲ್ಸ. ನೀ ಏನ್ ಮಾಡ್ದೆ? ಗಂಟೆ ನೋಡ್ತಾ ಕೂತೆ. ಗಂಟೆ ಹೊಡದ ಮ್ಯಾಲೆ ಹಾಲು ಬರಾಕೆ ಇದೇನ್ ನಿನ್ನ ಇಸ್ಕೂಲಾ? ಹಸುವಿನ ಕೆಚ್ಚಲು ನೋಡೀಯಾ? ಕರು ಗುದ್ದಿದ್ರೆ ಹಾಲು ಸೊರೆಯುತ್ತೆ. ಕರು ಕಟ್ಟಿಹಾಕಿ ಪುಸ್ತಕ ಓದಿದ್ರೆ ಸೊರೆಯುತ್ತಾ?”

ಅವ್ವನ ನೀರಿನ ಲೆಕ್ಕವನ್ನು ನಾನು ಮೌಢ್ಯವೆಂದು ಮನಸ್ಸಿನಲ್ಲೇ ಹೀಗಳೆಯುತ್ತಿದ್ದೆ. ನನ್ನ ಕೆಂಪು ಪೆನ್ಸಿಲಿನ ಪಟ್ಟಿಯೂ ಅದೇ ಜಾತಿಯದಾಗಿರಬಹುದು ಎಂದು ಯಾರೂ ಹೇಳಿರಲಿಲ್ಲ. ಎರಡೂ ಸೇರಿ ಕೂಸನ್ನು ಒಣಗಿಸಿದ್ದವು. ಅಥವಾ ಹಾಗೆಂದು ಅಜ್ಜಿ ಹೇಳುತ್ತಿದ್ದರು. ನಾಲ್ಕು ದಿನದ ಹಿಂದೆ ಸುಳ್ಳು ಹೇಳಿದವರು ಈಗ ನಿಜ ಹೇಳುತ್ತಿದ್ದಾರೆಂದು ಹೇಗೆ ನಂಬುವುದು?

ನಂಬಿದೆನೆಂದು ಹೇಳಲಾರೆ. ಅತ್ತೆಯ ಗಡುವಿನ ಬುಧವಾರಕ್ಕೆ ಇನ್ನು ಒಂಬತ್ತು ದಿನವಿತ್ತು, ಬೇರೆ ದಾರಿಯಿರಲಿಲ್ಲ. ಕೋಣೆಗೆ ಬಂದವಳೇ ಪಟ್ಟಿಯನ್ನು ಹರಿದೆ. ಅತ್ತಾಗಲೆಲ್ಲ ಎತ್ತಿಕೊಂಡೆ, ಅಳುವ ಮೊದಲೇ ಎತ್ತಿಕೊಂಡೆ. ಮೊದಲೆರಡು ದಿನ ಕೂಸು ಬಿಡಲೇ ಇಲ್ಲ. ನನ್ನ ಬೆನ್ನು ಮುರಿದುಹೋಯಿತು. “ಒಂದು ಹೊತ್ತಿಲ್ಲ ಗೊತ್ತಿಲ್ಲ, ಏನಾಯ್ತೇ ನಿನ್ನ ಬಸ್ಸಿಗೆ?” ಎಂದು ಅವ್ವ ನಕ್ಕಳು. ನೀರಜ್ಜಿ ಗಿಂಡಿಯನ್ನು ದೊಡ್ಡದು ಮಾಡಿದರು. ಗುರುವಾರ ಬೆಳಗಿನ ಜಾವ ಎದೆ ಕಲ್ಲಿನಂತೆ ಗಟ್ಟಿಯಾಗಿ ರವಿಕೆ ತೊಯ್ದಾಗ ನಾನು ಮೊದಲು ಹೆದರಿ, ಆಮೇಲೆ ನಗತೊಡಗಿದೆ. ಭಾನುವಾರ ಅಪ್ಪನ ತಕ್ಕಡಿ ಆರೂಮುಕ್ಕಾಲು ತೋರಿಸಿತು. ಅಪ್ಪ ತಟ್ಟೆಯ ಅಂಚಿನ ಮೇಲೆ ಬೆರಳಿಟ್ಟಿರಲಿಲ್ಲವಷ್ಟೇ ಎಂದು ಎರಡು ಸಲ ನೋಡಿದೆ. ಇಟ್ಟಿರಲಿಲ್ಲ.

ಹೇಳಿದ ಬುಧವಾರ ಅತ್ತೆ ಮೊದಲ ಬಸ್ಸಿಗೇ ಬಂದರು. ನಾವು ಆಗ ಬಚ್ಚಲಲ್ಲಿದ್ದೆವು. ಬಾಣಂತಿ ಬಚ್ಚಲಲ್ಲಿರುವಾಗ ನಮ್ಮ ಕಡೆ ಗಂಡಸರಿರಲಿ, ಹೆತ್ತ ತಾಯಿಯೂ ಒಳಗೆ ಬರುವುದಿಲ್ಲ. ಬಾಗಿಲು ಎಳೆದುಕೊಂಡರೆ ಸಾಕು. ಅತ್ತೆಗೆ ಆ ಪದ್ಧತಿ ಗೊತ್ತಿರಲಿಲ್ಲ. ಮೊಮ್ಮಗಳನ್ನು ನೋಡುವ ಆತುರದಲ್ಲಿ ಚೀಲವನ್ನೂ ಇಳಿಸದೆ ನೇರವಾಗಿ ಬಂದು ಬಾಗಿಲು ತಳ್ಳಿದರು. ನಾನು ಗಿಂಡಿಯನ್ನು ಬಾಯಿಗೆ ಎತ್ತಿದ್ದೆ. ಗಂಜಿ ಗಲ್ಲದ ಮೇಲೆ ಇಳಿಯುತ್ತಿತ್ತು.

“ಏನದು? ಏನ್ ಕುಡಸಾಕತ್ತೀರಿ?”

ಅವ್ವ ಓಡಿ ಬಂದಳು. ಅತ್ತೆ ಗಿಂಡಿ ಕಿತ್ತುಕೊಂಡು ಮೂಸಿ ನೋಡಿದರು. “ಗಂಜಿನೀರ್ರೀ ಅಕ್ಕಾರ! ಸಬ್ಬಸಗಿ ಬ್ಯಾರೆ! ಹಸಿ ಬಾಣಂತೀಗೆ! ಇದಕ್ಕ ಕೂಸು ಸೊರಗಿದ್ದು!”

ಕೂಸು ನೀರಜ್ಜಿಯ ಕಾಲ ಮೇಲೆ ದುಂಡಗೆ ಮಲಗಿ ಕೈ ಬಡಿಯುತ್ತಿತ್ತು. ಅದನ್ನು ಯಾರೂ ನೋಡಲಿಲ್ಲ. ನಾನು ಬಾಯಿ ತೆರೆದೆ. ನೀರಜ್ಜಿ ನನ್ನ ತೊಡೆಯನ್ನು ಒದ್ದೆ ಕೈಯಿಂದ ಬಲವಾಗಿ ಚಿವುಟಿದರು.

“ನಾನೇ ಕುಡಿಸ್ದೆ ಕಣ್ರವ್ವಾ. ಬೇರಿನ ಕಷಾಯ, ಸೊಂಟಕ್ಕೆ ಒಳ್ಳೇದು ಅಂದೆ. ಪಾಪ, ಅದು ನಂಬಿ ಕುಡೀತು. ಅದಕ್ಕೇನ್ ಗೊತ್ತು?”

“ಎಷ್ಟು ದಿನದಿಂದ?” ಎಂದು ಅವ್ವ ಕೇಳಿದಳು. ಅವ್ವನ ದನಿ ಆ ರೀತಿ ಇದ್ದದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ.

“ಇವತ್ತೇ ಮೊದ್ಲು.”

“ನಾಳೆಯಿಂದ ನೀನು ಬರೋದು ಬೇಡ.”

ನೀರಜ್ಜಿ ಸರಿ ಎಂದರು. ಕೂಸನ್ನು ಒರೆಸಿದರು, ಕಂಕುಳಿಗೆ, ಕತ್ತಿನ ಸಂದಿಗೆ ಪುಡಿ ಹಚ್ಚಿದರು, ಸುತ್ತಿದರು, ಅತ್ತೆಯ ಕೈಗೆ ಕೊಟ್ಟರು. ನನಗೆ ಉಳಿದಿದ್ದ ಎರಡು ಹಂಡೆ ನೀರನ್ನೂ ಎರೆದರು. ಹೊಟ್ಟೆ ಬಿಗಿದರು. ಒಂದು ಕೆಲಸವನ್ನೂ ಬಿಡಲಿಲ್ಲ. ಆಮೇಲೆ ಗಿಂಡಿಗಳನ್ನು ತೊಳೆದುಕೊಂಡು ಹಿತ್ತಲ ಬಾಗಿಲಿನಿಂದ ಹೋದರು.

ನಾನು ಒಂದು ಮಾತೂ ಆಡಲಿಲ್ಲ. ಬೇಕೆಂದೇ ಕುಡಿದೆ, ಮೂರು ವಾರದಿಂದ ಕುಡಿಯುತ್ತಿದ್ದೇನೆ ಎಂದಿದ್ದರೆ ಅತ್ತೆ ಅಂದೇ ಕೂಸನ್ನು ಎತ್ತಿಕೊಂಡು ಹೋಗುತ್ತಿದ್ದರು ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಅದು ನಿಜವೂ ಇರಬಹುದು. ಹತ್ತು ನಿಮಿಷದ ಮೇಲೆ ಪಡಸಾಲೆಯ ಬೆಳಕಿನಲ್ಲಿ ಅತ್ತೆ ಕೂಸಿನ ತೊಡೆ ಹಿಡಿದು ನೋಡಿ, “ಅಯ್ಯ, ಕೂಸು ಚಲೋ ತುಂಬ್ಕೊಂಡೈತಿ! ನನ್ನ ಉಂಡಿ ಹತ್ಯಾವ ನೋಡ್ರಿ” ಎಂದು ಹಿಗ್ಗಿದರು. ಕರೆದುಕೊಂಡು ಹೋಗುವ ಮಾತು ಬರಲಿಲ್ಲ. ಸಂಜೆಯ ಬಸ್ಸಿಗೆ ಒಬ್ಬರೇ ಹೋದರು.

ಬೇರೆ ಎರೆಯುವವಳು ಬಂದಳು. ಮಾತಿಲ್ಲದವಳು, ಹೊರಗೂ ಒಳಗೂ ಒಂದೇ. ಅವಳು ಸಾಂಬ್ರಾಣಿಗೆ ಕೆಂಡ ತರಲು ಹೋದಾಗ ನಾನು ಹಂಡೆಯ ನೀರನ್ನೇ ಬೊಗಸೆಯಲ್ಲಿ ಕುಡಿಯುವುದನ್ನು ಕಲಿತೆ. ಐದನೆಯ ತಿಂಗಳು ಶಿಕಾರಿಪುರಕ್ಕೆ ಹೋದಾಗ ನನಗೆ ಕೆನ್ನೆಯೂ ಇತ್ತು, ಹೊಟ್ಟೆಯೂ ಇತ್ತು. ಅಲ್ಲಿಯ ಹೆಂಗಸರು ಕೆನ್ನೆ ನೋಡಿ ಅವ್ವನನ್ನು ಹೊಗಳಿದರು.

ನಮ್ಮ ಮನೆಯಲ್ಲಿ ನಡೆದದ್ದು ಕೇರಿಗೆಲ್ಲ ತಿಳಿಯಿತು. ಅಲ್ಲಿ ಮುಂದೆ ಬಂದ ಎರಡು ಬಾಣಂತನಕ್ಕೆ ನೀರಜ್ಜಿಯನ್ನು ಯಾರೂ ಕರೆಯಲಿಲ್ಲ. ಆಮೇಲೆ ಅವರು ಚಂದ್ರಗುತ್ತಿಯ ಕಡೆ ಇದ್ದ ತಂಗಿಯ ಮಗಳ ಮನೆ ಸೇರಿದರಂತೆ. ನಾನು ಮತ್ತೆ ಅವರನ್ನು ನೋಡಿದ್ದು ಒಂದೇ ಸಲ, ಮರುವರ್ಷ, ಆನವಟ್ಟಿಯಲ್ಲಿ ಬಸ್ಸು ನಿಂತಾಗ. ಸಂತೆಗೆ ಬಂದಿದ್ದರು. ಕಿಟಕಿಯಲ್ಲಿ ನನ್ನನ್ನು ಕಂಡು ಹತ್ತಿರ ಬಂದು ಕೈ ಚಾಚಿದರು. ಮಗಳನ್ನು ಕಿಟಕಿಯಿಂದಲೇ ಕೊಟ್ಟೆ. ಎರಡೂ ಕೈಯಲ್ಲಿ ಎತ್ತಿ, ಇಳಿಸಿ, “ಭಾರ ಐತೆ” ಎಂದರು. ಈ ಸಲ ಸುಳ್ಳಲ್ಲ ಎಂದು ನನಗೆ ಗೊತ್ತಿತ್ತು. ನಾನು ಹೇಳಬೇಕಾದ ಮಾತನ್ನು ಜೋಡಿಸುತ್ತಿದ್ದೆ. “ಗಂಟೆ ಎಷ್ಟು ತಂಗೀ?” ಎಂದು ಕಣ್ಣು ಕಿರಿದು ಮಾಡಿ ಕೇಳಿದರು. ನಾನು ಪೆಚ್ಚಾಗಿ ಕೈಗಡಿಯಾರ ನೋಡಿ, ಹನ್ನೊಂದೂ ಹತ್ತು ಎಂದೆ. ಅವರು ಗಟ್ಟಿಯಾಗಿ ನಕ್ಕರು. ಬಸ್ಸು ಹೊರಟಿತು. ನನ್ನ ಮಾತು ನನ್ನಲ್ಲೇ ಉಳಿಯಿತು.

1959ರ ವೈಶಾಖ. ಬೇಸಿಗೆ ರಜೆಗೆ ನಾನು ತವರಿಗೆ ಬಂದಿದ್ದೆ. ಎರಡನೆಯ ಸಲ ಬಸಿರಾಗಿ ನಾಲ್ಕು ತಿಂಗಳಾಗಿತ್ತು. ಮಧ್ಯಾಹ್ನ ಎರಡು ಗಂಟೆಗೆ ಅವ್ವನೂ ನಾನೂ ಹಿತ್ತಲ ಜಗಲಿಯಲ್ಲಿ ಹಪ್ಪಳ ಒತ್ತುತ್ತಿದ್ದೆವು. ಅಪ್ಪ ಅಂಗಡಿಯಿಂದ ಒಳಗೆ ಬಂದು, “ಚಂದ್ರಗುತ್ತಿಯಿಂದ ಗಿರಾಕಿ ಬಂದಿದ್ದ. ನೀರಜ್ಜಿ ಹೋಗಿ ಎಂಟು ದಿನ ಆಯ್ತಂತೆ. ಜ್ವರ ಬಂದಿತ್ತಂತೆ” ಎಂದು ಹೇಳಿ ಹೊರಗೆ ಹೋದರು.

ಅವ್ವ ಕೈಯಲ್ಲಿದ್ದ ಹಪ್ಪಳವನ್ನು ಒತ್ತಿ ಮುಗಿಸಿದಳು. ನಾನು ಇನ್ನು ತಡೆಯಲಾರದೆ ಎಲ್ಲವನ್ನೂ ಹೇಳಿದೆ. ಒಂದು ದಿನವಲ್ಲ, ಮೂರು ವಾರ ಕುಡಿದೆ. ನಂಬಿಸಿ ಕುಡಿಸಲಿಲ್ಲ, ನಾನೇ ಗಿಂಡಿ ಹಿಡಿದುಕೊಂಡು ಕುಡಿದೆ. ನಾನು ಬಾಯಿ ಬಿಡದ್ದಕ್ಕೆ ಅವರು ಊರು ಬಿಟ್ಟರು.

ಅವ್ವ ತಲೆಯೆತ್ತಲಿಲ್ಲ. “ನನ್ನ ನಾಲ್ಕು ಬಾಣಂತನಕ್ಕೂ ಎರೆದೋಳು ಅವಳೇ” ಎಂದಳು.

“ಗೊತ್ತು.”

“ಏನ್ ಗೊತ್ತು ನಿಂಗೆ? ನಿನ್ನ ಹೆತ್ತಾಗ ನಂಗೆ ಮೊದಲ ಸಲ ಆ ಗಿಂಡಿ ಕೊಟ್ಲು. ಹೊರಗೆ ನಮ್ಮತ್ತೆ ಕೂತಿದ್ರು. ನಾನು ಸದ್ದು ಮಾಡಿ ಕುಡಿದೆ ಅಂತ ತಲೆ ಮೇಲೆ ಮೊಟಕಿದ್ಲು.”

“ಹಂಗಾದ್ರೆ ನಿಂಗೆ ಗೊತ್ತಿತ್ತು. ಗೊತ್ತಿದ್ದೂ ನಂಗೆ ನೀರು ಅಳೆದು ಕೊಡ್ತಿದ್ದೆ?”

“ಒಳಗೆ ಅವಳು ಕೊಡ್ತಾಳೆ ಅಂತ ಗೊತ್ತಿತ್ತಲ್ಲ.”

“ಮತ್ತೆ ಅವರನ್ನ ಯಾಕೆ ಬಿಡಿಸ್ದೆ?”

“ಬೀಗರು ನಿಂತಿದ್ರಲ್ಲೇ. ಬಾಗ್ಲು ತೆಗೆದು ನೋಡಿಬಿಟ್ರಲ್ಲ. ನಾನೇನ್ ಹೇಳ್ಬೇಕಿತ್ತು?” ಅವ್ವ ಮುಂದಿನ ಉಂಡೆಗೆ ಎಣ್ಣೆ ಹಚ್ಚಿದಳು. “ಕೇರಿಯಲ್ಲಿ ಆಮೇಲೆ ಅವಳನ್ನ ಕರೀಲಿಲ್ಲ ನೋಡು, ಅವರೂ ಎಲ್ಲ ಕುಡಿದೋರೇ.”

ಎದುರುಮನೆಯಾಕೆಯೂ? ಎಂದು ಕೇಳಿದೆ. ಅವಳೇ ಎಲ್ಲರಿಗಿಂತ ಹೆಚ್ಚು ಎಂದಳು ಅವ್ವ.

ನನಗೆ ಇಂದಿಗೂ ಇದು ಪೂರ್ತಿ ಅರ್ಥವಾಗಿಲ್ಲ. ಯಾರೂ ಪಾಲಿಸದ ನಿಯಮವನ್ನು ಎಲ್ಲರೂ ಕಾಯುತ್ತಿದ್ದರು. ಅದನ್ನು ಎಲ್ಲರಿಗಾಗಿ ಮುರಿಯುತ್ತಿದ್ದವರೇ ಎಲ್ಲರಿಗಿಂತ ಗಟ್ಟಿಯಾಗಿ ಸಾರುತ್ತಿದ್ದರು. ಸಿಕ್ಕಿಬಿದ್ದ ದಿನ ಅವರೊಬ್ಬರೇ ಹಿತ್ತಲ ಬಾಗಿಲಿನಿಂದ ಹೋದರು. ನನ್ನ ಮಗಳು ನನ್ನ ಮಡಿಲಲ್ಲೇ ಬೆಳೆದಳು. ಆ ಋಣವನ್ನು ನಾನು ಯಾವ ವೇಳಾಪಟ್ಟಿಯಲ್ಲೂ ಬರೆದು ತೀರಿಸಲಾರೆ.

“ಈ ಸಲ ನಂಗೆ ಹೊರಗೇ ನೀರು ಕೊಡ್ತೀಯಾ, ಎಲ್ಲರ ಎದುರಿಗೆ?” ಎಂದು ಕೇಳಿದೆ.

ಅವ್ವ ಹಪ್ಪಳದ ಮಣೆ ಸರಿಸಿ ಎದ್ದು, ಅಂಗಡಿಯ ಬಾಗಿಲಿಗೆ ಹೋಗಿ ಅಪ್ಪನಿಗೆ ಬಡಗಿಯನ್ನು ಕರೆಸಲು ಹೇಳಿದಳು. ನಾಲ್ಕೂವರೆಗೆ ಅವನು ಬಂದ.

“ಬಚ್ಚಲಿಗೆ ಒಳಗಿನಿಂದ ಚಿಲಕನಾ ಅಮ್ಮಾ? ಕಳ್ಳರು ಬರೋದು ಹೊರಗಿಂದ” ಎಂದು ನಕ್ಕ.

“ಹೇಳಿದಷ್ಟು ಹೊಡಿ” ಎಂದಳು ಅವ್ವ.

ಹಳೆಯ ಹಲಸಿನ ಬಾಗಿಲು, ಮೊಳೆ ಇಳಿಯಲು ಹೊತ್ತು ಹಿಡಿಯಿತು. ಅಷ್ಟರಲ್ಲಿ ನಾನು ಉಳಿದ ಹಪ್ಪಳ ಒತ್ತಿ, ಒಣಗಿದ್ದನ್ನು ಒಳಗಿಟ್ಟೆ. ಚಿಲಕ ಕೂತಾಗ ಆರೂ ಕಾಲು. ಅವ್ವ ಬಚ್ಚಲೊಳಗೆ ಹೋಗಿ ಬಾಗಿಲು ಮುಚ್ಚಿ, ಚಿಲಕ ಹಾಕಿದಳು, ತೆಗೆದಳು, ಮತ್ತೆ ಹಾಕಿ, ಗಟ್ಟಿಯಾಗಿ ಎಳೆದು ನೋಡಿದಳು. ನಾನು ಹೊರಗೆ ನಿಂತಿದ್ದೆ. “ತಳ್ಳು” ಎಂದಳು ಒಳಗಿನಿಂದ. ತಳ್ಳಿದೆ. ತೆರೆಯಲಿಲ್ಲ.